ಕಾಗದದ ಪೊಟ್ಟಣ

ಶಿರಸಿಯ ಬಿಡಕಿಬೈಲು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆ ಏರುವ ಜಾಗ. ಜಾತ್ರೆಗೆ ನಡೆದು ಹೊರಟ ಅಜ್ಜಿಯೊಬ್ಬರನ್ನು ನೆನೆಸಿಕೊಳ್ಳಿ. ಕೊರಳಲ್ಲಿ ಕರಿಮಣಿ, ಕೈಯಲ್ಲಿ ಬಂಗಾರದ ಬಳೆ. ಬೈಕಿನಲ್ಲಿ ಬಂದ ಇಬ್ಬರು ತಡೆಯುತ್ತಾರೆ.

"ಅಮ್ಮಾ, ನಾವು ಪೊಲೀಸರು. ಮುಂದೆ ಸರಗಳ್ಳತನ ಆಗಿದೆ. ಬಂಗಾರ ತೆಗೆದು ಚೀಲದಲ್ಲಿ ಇಟ್ಕೊಳ್ಳಿ."

ಅಷ್ಟರಲ್ಲಿ ದಾರಿಹೋಕನೊಬ್ಬ ತನ್ನ ಸರ ಬಿಚ್ಚಿ ಅವರ ಕೈಗೆ ಕೊಡುತ್ತಾನೆ. ಅವನೂ ಅವರವನೇ! ಅಜ್ಜಿ ನಂಬುವುದು 'ಪೊಲೀಸರು' ಎಂಬ ಮಾತಿನಿಂದಲ್ಲ, ಅವನನ್ನು ನೋಡಿ. ತಾವೂ ಒಡವೆ ಬಿಚ್ಚಿ ಕೊಡುತ್ತಾರೆ. ಆ ಕಳ್ಳರು ಕಟ್ಟಿಕೊಟ್ಟ ಕಾಗದದ ಪೊಟ್ಟಣವನ್ನು ಮನೆಯಲ್ಲಿ ಬಿಚ್ಚಿದರೆ ಒಳಗೆ ಬರೀ ಕಲ್ಲು.

ಕರ್ನಾಟಕದ ಎಷ್ಟೋ ಊರುಗಳಲ್ಲಿ ನಡೆದ ಮೋಸ ಇದು. ಬೀದಿಯಲ್ಲಿ ನಿಲ್ಲಿಸಿ ಒಡವೆ ಬಿಚ್ಚಿಸುವುದು ಪೊಲೀಸರ ಕೆಲಸವೇ ಅಲ್ಲ. "ಠಾಣೆಗೇ ಬರ್ತೇನೆ" ಅನ್ನಿ. ಹತ್ತಿರದ ಅಂಗಡಿಯೊಳಗೆ ಹೋಗಿ, 112ಕ್ಕೆ ಫೋನ್ ಮಾಡಿ.

ಗಮನ ಬೇರೆಡೆ ಸೆಳೆದು ಚೀಲ ಎಗರಿಸುವವರೂ ಇದ್ದಾರೆ. ಅಡಿಕೆ ಮಾರಿದ ದುಡ್ಡು ಹಿಡಿದು ಬರುವವರೇ, "ನಿಮ್ಮ ನೋಟು ಬಿದ್ದಿದೆ", "ಅಂಗಿಗೆ ಹೊಲಸಾಗಿದೆ" ಎಂದು ಯಾರಾದರೂ ಕರೆದರೆ ಬಗ್ಗಬೇಡಿ. ಮೊದಲು ಚೀಲವನ್ನು ಎದೆಗೆ ಅವಚಿಕೊಳ್ಳಿ.

ಇನ್ನೊಂದು ಮಾತು, ಮನೆಯವರಿಗೆ. ಮೋಸ ಹೋದ ಅಜ್ಜಿಯನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಕೈಹಿಡಿದು ಆಗಲೇ ಠಾಣೆಗೆ ಕರೆದೊಯ್ಯಿರಿ, ಆ ಬೀದಿಯ ಅಂಗಡಿಗಳ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು.