ಒಂದು ಜೀನಿನ ಕೈವಾಡ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮಗೊಳಿಸಿದ ಭೂಕಂಪವು ಗಡಿಯ ಈಚೆಗಿರುವ ಆಳಂದವನ್ನೂ ನಡುಗಿಸಿತು. ನೆಲದ ಕಂಪನ ನಿಂತ ಮೇಲೆ ಇಲಿಗಳ ಕಾಲ ಬಂದಿತು. ಬಿರುಕುಬಿಟ್ಟ ಮನೆಗಳನ್ನು ಜನರು ತೊರೆದಿದ್ದರು. ಒಳಗಿದ್ದ ಕಾಳುಕಡಿಯೆಲ್ಲ ಮೂಷಿಕಸಂತತಿಯ ಪಾಲಾಯಿತು. ಮರುವರ್ಷ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮದಲ್ಲಿ ಪ್ಲೇಗು ಕಾಣಿಸಿಕೊಂಡಾಗ ತಜ್ಞರು ಕೊಟ್ಟ ವಿವರಣೆ ಇದೇ. ಅದೇ ಸೆಪ್ಟೆಂಬರಿನಲ್ಲಿ ಸೂರತ್ ನಗರವೂ ತಲ್ಲಣಿಸಿತು. ಲಕ್ಷಾಂತರ ಜನ ರೈಲು ಹತ್ತಿ ಊರು ಬಿಟ್ಟರು.

‘ಇಲಿ ಬಿದ್ದಿತು’ ಎಂದರೆ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಅಜ್ಜಂದಿರ ಕಾಲ ಮುಗಿಯಿತೆಂದೇ ಎಲ್ಲರೂ ನಂಬಿದ್ದರು. ಅದಕ್ಕೆ ಹಿಂದೆ ದೇಶದಲ್ಲಿ ಮನುಷ್ಯರಿಗೆ ಪ್ಲೇಗು ತಗುಲಿದ ಕೊನೆಯ ವರದಿ ಬಂದುದು 1966ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ.

ಮಾಮ್ಲಾದಲ್ಲಿ ಕಂಡದ್ದು ಗಡ್ಡೆಯ ಪ್ಲೇಗು. ಇಲಿಯ ಮೈಮೇಲಿನ ಚಿಗಟ ಕಚ್ಚಿದರೆ ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತದೆ. ಸೂರತ್ತಿನದಾದರೋ ಶ್ವಾಸಕೋಶದ ಪ್ಲೇಗು. ಅದಕ್ಕೆ ಇಲಿಯೂ ಬೇಡ, ಚಿಗಟವೂ ಬೇಡ. ರೋಗಿಯ ಕೆಮ್ಮೇ ಸಾಕು. ಇದು ಪ್ಲೇಗು ಹೌದೋ ಅಲ್ಲವೋ ಎಂದು ವೈದ್ಯರಲ್ಲಿಯೇ ವಾದವೆದ್ದಿತು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರು ರೋಗಾಣುವಿನ ಡಿಎನ್‌ಎಯನ್ನು ಪರೀಕ್ಷಿಸಿ, ಅದು ‘ಯೆರ್ಸಿನಿಯಾ ಪೆಸ್ಟಿಸ್’ ಎಂಬ ಪ್ಲೇಗಿನ ಬ್ಯಾಕ್ಟೀರಿಯವೇ ಎಂದು 2000ದಲ್ಲಿ ಪ್ರಕಟಿಸಿದರು.

ಹಾಗಾದರೆ ಒಂದೇ ಕ್ರಿಮಿಗೆ ಈ ಎರಡು ಅವತಾರಗಳು ಹೇಗೆ ಬಂದವು? ಇದನ್ನು ಅರಿಯಲು ವಿಜ್ಞಾನಿಗಳು ಹಿಡಿದ ದಾರಿ ಕೇಳಲು ಸುಲಭ, ನಡೆಯಲು ಕಠಿಣ. ಕ್ರಿಮಿಯ ಸಾವಿರಾರು ಜೀನುಗಳಲ್ಲಿ ಒಂದನ್ನೇ ಕೆಡಿಸಿ, ಉಳಿದದ್ದನ್ನೆಲ್ಲ ಇದ್ದಂತೆಯೇ ಬಿಟ್ಟು, ಅದರ ಬಲವೆಷ್ಟು ಕುಗ್ಗಿತೆಂದು ಇಲಿಮರಿಗಳಲ್ಲಿ ಅಳೆಯುವುದು. ಜೀನನ್ನು ಮರಳಿ ಸೇರಿಸಿ, ಕಳೆದ ಬಲ ಬಂದಿತೇ ಎಂದು ನೋಡುವುದು.

‘ಪಿಎಲ್‌ಎ’ ಎಂಬ ಜೀನಿನ ಕಥೆ ಇಲ್ಲಿ ಸ್ವಾರಸ್ಯಕರವಾದುದು. ಕ್ರಿಮಿ ಹೊಕ್ಕೆಡೆಯಲ್ಲಿ ದೇಹವು ರಕ್ತವನ್ನು ಹೆಪ್ಪುಗಟ್ಟಿಸಿ ಒಡ್ಡು ಕಟ್ಟುತ್ತದೆ. ಈ ಜೀನಿನಿಂದಾಗುವ ಪ್ರೋಟೀನು ಆ ಹೆಪ್ಪನ್ನೇ ಕರಗಿಸುತ್ತದೆ. 1992ರಲ್ಲಿ ಅಮೆರಿಕದ ಸಂಶೋಧಕರು ಈ ಜೀನಿಲ್ಲದ ಕ್ರಿಮಿಗಳನ್ನು ಚರ್ಮದಡಿ ಚುಚ್ಚಿ ನೋಡಿದರು. ಇಲಿಯನ್ನು ಕೊಲ್ಲಲು ಮೊದಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಕ್ರಿಮಿಗಳು ಬೇಕಾದವು! ನೇರವಾಗಿ ರಕ್ತಕ್ಕೆ ಬಿಟ್ಟರೆ ಮಾತ್ರ ಹಿಂದಿನಂತೆಯೇ ಕೊಂದವು. ಎಂದರೆ, ಈ ಜೀನು ಮನೆಯೊಳಗಿನ ಕೊಲೆಗಾರನಲ್ಲ, ಬಾಗಿಲು ಮುರಿದು ಕೊಡುವವನು.

ಶ್ವಾಸಕೋಶದಲ್ಲಿ ಅದರ ಪಾತ್ರ ಬೇರೆಯಾಯಿತು. 2007ರ ಪ್ರಯೋಗದಲ್ಲಿ, ಮೂಗಿನ ಮೂಲಕ ಸೇರಿಸಿದ ಜೀನಿಲ್ಲದ ಕ್ರಿಮಿಗಳು ರಕ್ತಕ್ಕೆ ಹರಡಿದರೂ ಶ್ವಾಸಕೋಶದಲ್ಲಿ ವೃದ್ಧಿಯಾಗಲಾರದೆ ಹೋದವು. 2015ರಲ್ಲಿ ಷಿಕಾಗೋದವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಈ ಜೀನನ್ನು ಹುಟ್ಟಿನಿಂದಲೇ ಕಾಣದ ಪ್ರಾಚೀನ ವಂಶದ ಪ್ಲೇಗಿನ ಕ್ರಿಮಿಗೆ ಅದೊಂದನ್ನೇ ತೊಡಿಸಿದರು. ಅದುವರೆಗೆ ಶ್ವಾಸಕೋಶವನ್ನು ಕೆಡಿಸಲಾರದಿದ್ದ ಕ್ರಿಮಿ ಈಗ ಶ್ವಾಸಕೋಶದ ಪ್ಲೇಗನ್ನು ಪೂರ್ಣ ಪ್ರಮಾಣದಲ್ಲಿಯೇ ಉಂಟುಮಾಡಿತು.