ಅನಾಫಿಲ್ಯಾಕ್ಸಿಸ್: ಮೊದಲ ಮದ್ದು ಅಡ್ರಿನಲಿನ್

ಔಷಧ, ಆಹಾರ ಅಥವಾ ಕೀಟದ ವಿಷಕ್ಕೆ ದೇಹ ಮಿತಿಮೀರಿ ಪ್ರತಿಕ್ರಿಯಿಸಿ, ಉಸಿರಾಟಕ್ಕೂ ರಕ್ತಪರಿಚಲನೆಗೂ ಕುತ್ತು ತರುವ ತೀವ್ರ ಅಲರ್ಜಿಯೇ ಅನಾಫಿಲ್ಯಾಕ್ಸಿಸ್. ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ಇದನ್ನು ವಿವರಿಸಿದರು. ಅವರ ಪ್ರಯೋಗದಲ್ಲಿ, ಕಡಲಜೀವಿಯ ವಿಷವನ್ನು ಒಮ್ಮೆ ತಾಳಿಕೊಂಡ ನಾಯಿ, ಕೆಲವು ವಾರಗಳ ಬಳಿಕ ಅದೇ ವಿಷದ ಅಲ್ಪ ಪ್ರಮಾಣಕ್ಕೆ ಸತ್ತುಹೋಗಿತ್ತು. ಈ ಸಂಶೋಧನೆಗಾಗಿ ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಆಸ್ಪತ್ರೆಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಪೆನಿಸಿಲಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ನೋವಿನ ಔಷಧಗಳು, ಅರಿವಳಿಕೆಯ ಜೊತೆ ಕೊಡುವ ಕೆಲವು ಮದ್ದುಗಳು. ಹಾವು ಕಡಿದವರಿಗೆ ಕೊಡುವ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುವುದರಿಂದ ಅಲ್ಲಿಯೂ ಈ ಅಪಾಯವಿದೆ. ಹಾಗಾಗಿಯೇ ಪ್ರತಿವಿಷದ ಡ್ರಿಪ್ ಹಾಕುವ ಮೊದಲೇ ಅಡ್ರಿನಲಿನ್ ಸಿದ್ಧವಿಟ್ಟುಕೊಳ್ಳಬೇಕು.

ಒಗ್ಗದ ವಸ್ತು ಒಳಹೊಕ್ಕಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ರಕ್ತನಾಳಗಳು ಸಡಿಲಗೊಂಡು ದ್ರವ ಹೊರಗೆ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಶ್ವಾಸನಾಳ ಬಿಗಿಯುತ್ತದೆ, ಗಂಟಲು ಊದಿಕೊಳ್ಳುತ್ತದೆ.

ಮೈಯೆಲ್ಲ ತುರಿಕೆ, ದದ್ದು, ತುಟಿ–ನಾಲಿಗೆ ಊತ, ಧ್ವನಿ ಒಡೆಯುವುದು, ಉಬ್ಬಸ, ವಾಂತಿ, ತಲೆಸುತ್ತು ಮುಖ್ಯ ಲಕ್ಷಣಗಳು. ಚರ್ಮದ ಲಕ್ಷಣಗಳ ಜೊತೆಗೆ ಉಸಿರಾಟದ ತೊಂದರೆಯೋ ರಕ್ತದೊತ್ತಡದ ಕುಸಿತವೋ ಕಂಡರೆ ಅನಾಫಿಲ್ಯಾಕ್ಸಿಸ್ ಎಂದೇ ಭಾವಿಸಬೇಕು. ದದ್ದು ಕಾಣಿಸಿಕೊಳ್ಳದ ರೋಗಿಗಳೂ ಇರುವುದರಿಂದ ಅದಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಸೂಜಿಯ ಭಯಕ್ಕೆ ತಲೆ ತಿರುಗಿ ಬೀಳುವುದು ಬೇರೆ: ಆಗ ಮುಖ ಬಿಳಿಚಿಕೊಳ್ಳುತ್ತದೆ, ನಾಡಿ ನಿಧಾನವಾಗುತ್ತದೆ, ಮಲಗಿಸಿದರೆ ಚೇತರಿಕೆ ಬರುತ್ತದೆ. ಅನಾಫಿಲ್ಯಾಕ್ಸಿಸ್‌ನಲ್ಲಿ ನಾಡಿ ಸಾಮಾನ್ಯವಾಗಿ ವೇಗವಾಗಿ ಬಡಿಯುತ್ತದೆ.

ಶಂಕೆ ಬಂದ ಕೂಡಲೇ ಡ್ರಿಪ್ ಅಥವಾ ಔಷಧ ನಿಲ್ಲಿಸಿ, ಸಹಾಯಕ್ಕೆ ಕರೆದು, ಅಡ್ರಿನಲಿನ್ ಚುಚ್ಚಬೇಕು. ಒಂದು ಮಿಲಿಲೀಟರ್‌ನಲ್ಲಿ 1 ಮಿಲಿಗ್ರಾಂ ಇರುವ ದ್ರಾವಣದಿಂದ ವಯಸ್ಕರಿಗೆ ಅರ್ಧ ಮಿಲಿಲೀಟರ್ ಕೊಡುವುದು ರೂಢಿ. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಚುಚ್ಚುವ ಜಾಗ ತೊಡೆಯ ನಡುಭಾಗದ ಹೊರಬದಿಯ ಸ್ನಾಯು; ಅಲ್ಲಿಂದ ಔಷಧ ಬೇಗ ರಕ್ತ ಸೇರುತ್ತದೆ. ಐದು ನಿಮಿಷ ಕಳೆದರೂ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬಹುದು.

ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಬೇಕು. ಗರ್ಭಿಣಿಯನ್ನು ಎಡಮಗ್ಗುಲಿಗೆ ಹೊರಳಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಥಟ್ಟನೆ ಎದ್ದು ನಿಲ್ಲಲು, ಶೌಚಾಲಯಕ್ಕೆ ನಡೆದುಹೋಗಲು ಬಿಡಬಾರದು. ಆ ಕ್ಷಣದಲ್ಲೇ ಹೃದಯ ನಿಂತುಹೋದ ಉದಾಹರಣೆಗಳಿವೆ. ಆಮ್ಲಜನಕ, ಸಲೈನ್ ಬೇಕಾಗುತ್ತವೆ.

ಅಲರ್ಜಿ ಎಂದೊಡನೆ ಹಿಸ್ಟಮಿನ್ ತಡೆಯುವ ಏವಿಲ್, ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಹುಡುಕುವ ಅಭ್ಯಾಸ ಹಲವೆಡೆ ಇದೆ. ಏವಿಲ್ ತುರಿಕೆ ತಗ್ಗಿಸೀತು, ಕುಸಿದ ರಕ್ತದೊತ್ತಡವನ್ನು ಎತ್ತಲಾರದು. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ಆದರೆ ಅಭಿಧಮನಿಯ ಮೂಲಕ ಕೊಟ್ಟ ಔಷಧ ಒಗ್ಗದೆ ಸಾವು ಸಂಭವಿಸಿದ ಪ್ರಕರಣಗಳಲ್ಲಿ ಕೆಲವೇ ನಿಮಿಷಗಳಲ್ಲಿ ಹೃದಯ ನಿಂತಿರುತ್ತದೆ. ಹಾಗಾಗಿ ಏವಿಲ್, ಸ್ಟೀರಾಯ್ಡ್ ಎರಡೂ ಅಡ್ರಿನಲಿನ್‌ನ ನಂತರದ ಮಾತು.

ಲಕ್ಷಣಗಳು ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದಾದ್ದರಿಂದ ರೋಗಿಯ ಮೇಲೆ ನಿಗಾ ಇಡಬೇಕು. ಮನೆಗೆ ಕಳಿಸುವಾಗ ಯಾವ ಔಷಧದಿಂದ ಹೀಗಾಯಿತು ಎಂಬುದನ್ನು ಕೇಸ್ ಶೀಟ್‌ನಲ್ಲೂ ರೋಗಿಯ ಕೈಗೆ ಕೊಡುವ ಚೀಟಿಯಲ್ಲೂ ಸ್ಪಷ್ಟವಾಗಿ ಬರೆಯಬೇಕು. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆ ಚೀಟಿಯನ್ನು ಮೊದಲು ತೋರಿಸುವಂತೆ ಹೇಳಬೇಕು.