ಭೂಸೇನಾ ದಿನವನ್ನು ನಾವು ಏಕೆ ಆಚರಿಸುತ್ತೇವೆ?

ಪ್ರತಿ ವರ್ಷವೂ ಜನವರಿ ತಿಂಗಳ ೧೫ನೆಯ ತಾರೀಖಿನಂದು ನಮ್ಮ ಪಾಠಶಾಲೆಯ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ದೇಶದ ಸೈನಿಕರಿಗಾಗಿ ವಿಶೇಷ ವಿಜ್ಞಾಪನೆಯನ್ನು ಸಲ್ಲಿಸುವ ವಾಡಿಕೆಯುಂಟು. ಸಮಾಧಾನದ ಪ್ರಭುವನ್ನು ಆರಾಧಿಸುವ ಮಿಷನ್ ಪಾಠಶಾಲೆಗೆ, ಅದರಲ್ಲಿಯೂ ಬಾಲಿಕೆಯರ ಪಾಠಶಾಲೆಗೆ, ಸೈನ್ಯದ ದಿನದಿಂದ ಆಗಬೇಕಾದುದೇನು ಎಂದು ಕೆಲವು ಮಂದಿ ಪೋಷಕರು ನಮ್ಮನ್ನು ಕೇಳಿರುವರು. ಪ್ರಶ್ನೆಯು ನ್ಯಾಯವಾದುದೇ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ತಕ್ಕ ಉತ್ತರವನ್ನು ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಈ ದಿನದ ಚರಿತ್ರೆಯನ್ನು ತಿಳಿಯೋಣ. ೧೯೪೭ನೆಯ ಇಸವಿಯಲ್ಲಿ ದೇಶವು ಸ್ವತಂತ್ರವಾದರೂ ಭೂಸೇನೆಯ ಮಹಾದಂಡನಾಯಕ ಪದವಿಯು ಇನ್ನೂ ಕೆಲವು ಕಾಲ ಆಂಗ್ಲ ಸೇನಾನಿಗಳಲ್ಲಿಯೇ ಉಳಿದಿತ್ತು. ಉನ್ನತ ಸೇನಾಧಿಕಾರಗಳ ಬಾಗಿಲು ಭಾರತೀಯರಿಗೆ ಬಹುಕಾಲ ಮುಚ್ಚಿಯೇ ಇದ್ದುದರಿಂದ ಆ ಸ್ಥಾನದ ಅನುಭವವನ್ನು ಪಡೆದ ನಮ್ಮವರು ವಿರಳರಾಗಿದ್ದರು. ೧೯೪೯ನೆಯ ಇಸವಿ ಜನವರಿ ೧೫ರಂದು ಜನರಲ್ ಸರ್ ರಾಯ್ ಬುಚರ್ ಅವರು ಆ ಅಧಿಕಾರವನ್ನು ಕೆ. ಎಂ. ಕಾರ್ಯಪ್ಪನವರಿಗೆ ಒಪ್ಪಿಸಿದರು. ಭಾರತೀಯನೊಬ್ಬನು ಭಾರತದ ಸೇನೆಯ ಮಹಾದಂಡನಾಯಕನಾದುದು ಅಂದೇ ಮೊದಲು. ಅದರ ನೆನಪೇ ಭೂಸೇನಾ ದಿನ.

ಕಾರ್ಯಪ್ಪನವರು ನಮ್ಮ ಕೊಡಗು ಸೀಮೆಯವರೆಂಬುದು ಕನ್ನಡಿಗರಿಗೆಲ್ಲ ಅಭಿಮಾನದ ಸಂಗತಿ. ೧೮೯೯ರಲ್ಲಿ ಜನಿಸಿದ ಇವರು ೧೯೧೯ರಲ್ಲಿ ಇಂದೋರಿನ ಶಿಕ್ಷಣಶಾಲೆಯಿಂದ ಸೇನಾಧಿಕಾರಿಯಾಗಿ ಹೊರಬಂದರು. ಕ್ವೆಟ್ಟಾ ನಗರದ ಸ್ಟಾಫ್ ಕಾಲೇಜನ್ನು ೧೯೩೩ರಲ್ಲಿ ಪ್ರವೇಶಿಸಿದ ಮೊದಲ ಭಾರತೀಯರೂ, ೧೯೪೨ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವವನ್ನು ಪಡೆದ ಮೊದಲ ಭಾರತೀಯರೂ ಇವರೇ. ೧೯೫೩ರಲ್ಲಿ ನಿವೃತ್ತರಾಗಿ, ೧೯೮೬ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ಹೊಂದಿ, ೧೯೯೩ರಲ್ಲಿ ಬೆಂಗಳೂರಿನಲ್ಲಿ ದೈವಾಧೀನರಾದರು.

ಪೋಷಕರು ಮಕ್ಕಳಿಗೆ ಹೇಳತಕ್ಕ ಒಂದು ಸಂಗತಿ ಇವರ ಜೀವಿತದಲ್ಲಿದೆ. ೧೯೬೫ರ ಯುದ್ಧದಲ್ಲಿ ಇವರ ಮಗನು, ವಾಯುಸೇನೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆಸಿಕ್ಕಿದನು. ಅಲ್ಲಿನ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಹಿಂದಿನ ಪರಿಚಯವನ್ನು ನೆನೆದು ಸಹಾಯದ ಮಾತನ್ನು ಕಳುಹಿಸಿದಾಗ, ಸೆರೆಯಲ್ಲಿರುವ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ತನ್ನ ಮಗನಿಗೆಂದು ಬೇರೆ ಉಪಚಾರ ಬೇಡವೆಂಬ ಭಾವದ ಉತ್ತರವನ್ನು ಈ ತಂದೆಯು ಕೊಟ್ಟರೆಂಬುದು ಪ್ರಸಿದ್ಧವಾಗಿದೆ. ಪರೀಕ್ಷೆಯ ಅಂಕಕ್ಕಾಗಲಿ, ಹಾಸ್ಟೆಲಿನ ಸ್ಥಳಕ್ಕಾಗಲಿ ತಮ್ಮ ಮಗುವಿಗೊಂದು ವಿಶೇಷ ದಯೆಯನ್ನು ಕೋರಿ ನಮ್ಮ ಬಳಿಗೆ ಬರುವವರು ಇದನ್ನು ಸ್ವಲ್ಪ ಮನನ ಮಾಡುವುದು ಒಳ್ಳೆಯದು.

ಈ ದಿನದ ಸೈನ್ಯಸಂಚಲನವು ಬಹುಕಾಲ ದೆಹಲಿಯಲ್ಲಿ, ಕಾರ್ಯಪ್ಪನವರ ಹೆಸರಿನ ಮೈದಾನದಲ್ಲಿ ನಡೆಯುತ್ತಿತ್ತು. ೨೦೨೩ರಲ್ಲಿ ಅದು ಮೊದಲಬಾರಿಗೆ ದೆಹಲಿಯನ್ನು ಬಿಟ್ಟು ಬೆಂಗಳೂರಿಗೆ ಬಂದಿತು. ೨೦೨೪ರಲ್ಲಿ ಲಕ್ನೋ, ೨೦೨೫ರಲ್ಲಿ ಪುಣೆ ನಗರಗಳಿಗೆ ಆ ಭಾಗ್ಯವು ದೊರೆಯಿತು. ಅಂದು ಶೂರರಿಗೆ ಪದಕಗಳನ್ನು ಕೊಡುವರು; ದೆಹಲಿಯಲ್ಲಿ ೨೦೧೯ರಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಮಡಿದವರಿಗೆ ಪುಷ್ಪಚಕ್ರವನ್ನು ಅರ್ಪಿಸುವರು.

ಇದೆಲ್ಲ ಪುರುಷರ ವಿಷಯವೆಂದು ಯಾರೂ ತಿಳಿಯದಿರಲಿ. ೧೮೮೮ರಲ್ಲಿ ಹತ್ತು ಮಂದಿ ಆಂಗ್ಲ ದಾದಿಯರು ಸೈನಿಕರ ಶುಶ್ರೂಷೆಗಾಗಿ ಬೊಂಬಾಯಿಗೆ ಬಂದಿಳಿದರು. ಇಂದಿನ ಸೇನಾ ಶುಶ್ರೂಷಾ ದಳದ ಮೂಲವು ಅಲ್ಲಿರುವುದು. ಮುಂದೆ ಈ ವೃತ್ತಿಯನ್ನು ಕೈಗೊಂಡ ಭಾರತೀಯರಲ್ಲಿ ಮಿಷನ್ ಶಾಲೆಗಳಲ್ಲಿ ಕಲಿತ ಕ್ರೈಸ್ತ ಬಾಲಿಕೆಯರು ಅನೇಕರು. ೧೯೯೨ರಿಂದ ವೈದ್ಯಕೀಯವಲ್ಲದ ಶಾಖೆಗಳಿಗೂ ಸ್ತ್ರೀಯರು ಅಧಿಕಾರಿಗಳಾಗಿ ಸೇರತೊಡಗಿದರು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಕಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ೨೦೨೨ರಲ್ಲಿ ಸೇರಿದ ಮೊದಲ ತಂಡದ ತರುಣಿಯರಲ್ಲಿ ಹದಿನೇಳು ಮಂದಿ ೨೦೨೫ರಲ್ಲಿ ತೇರ್ಗಡೆಯಾಗಿ ಹೊರಬಂದರು.

ಇನ್ನು ಪೋಷಕರ ಪ್ರಶ್ನೆಗೆ ಬರೋಣ. ಯುದ್ಧವನ್ನು ಹೊಗಳುವುದು ಬೇರೆ, ಸೈನಿಕನನ್ನು ಗೌರವಿಸುವುದು ಬೇರೆ. ಕಪೆರ್ನೌಮಿನ ಶತಾಧಿಪತಿಯು ತನ್ನ ಆಳಿಗಾಗಿ ಬೇಡಿಕೊಂಡಾಗ ನಮ್ಮ ಕರ್ತನು ಆತನ ಕತ್ತಿಯನ್ನು ನೋಡದೆ ನಂಬಿಕೆಯನ್ನು ನೋಡಿದನು. ಯುದ್ಧವು ಬೇಡವೆಂದು ಎಲ್ಲರಿಗಿಂತ ಹೆಚ್ಚಾಗಿ ಬಯಸುವವರು ಸೈನಿಕರ ಮನೆಯವರೇ ಎಂಬುದನ್ನು ನಾವು ಈ ಶಾಲೆಯಲ್ಲಿಯೇ ಕಲಿತೆವು.

ಆ ಪಾಠವನ್ನು ಕಲಿಸಿದುದು ನಮ್ಮದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಈ ದಿನ, ಮನೆಯಲ್ಲಿ ಸೈನಿಕರಿರುವ ಬಾಲಿಕೆಯರು ಎದ್ದು ನಿಲ್ಲಬೇಕೆಂದು ಹೇಳಿದೆವು. ಏಳೆಂಟು ಮಂದಿ ಎದ್ದರು. ಸಭೆಯೆಲ್ಲ ಕರತಾಡನ ಮಾಡಿತು. ಒಬ್ಬಳು ಮಾತ್ರ ತಲೆತಗ್ಗಿಸಿ ಕುಳಿತೇ ಇದ್ದಳು. ಅವಳ ತಂದೆಯು ಸೇನೆಯ ಸೇವೆಯಲ್ಲಿರುವಾಗಲೇ ತೀರಿಕೊಂಡದ್ದು ನಮಗೆ ತಿಳಿದಿತ್ತು. ಬಳಿಕ ಅವಳನ್ನು ಕರೆದು ವಿಚಾರಿಸಲಾಗಿ, “ಮನೆಯಲ್ಲಿ ಸೈನಿಕರಿರುವವರು ಏಳಿ ಎಂದಿರಿ, ಅಮ್ಮಾ. ನಮ್ಮ ಮನೆಯಲ್ಲಿ ಈಗ ಇಲ್ಲವಲ್ಲ” ಎಂದಳು. ಮಾತಿನ ವ್ಯಾಕರಣವನ್ನು ದಿನವೂ ತಿದ್ದುವ ನಮಗೆ ನಮ್ಮ ಒಂದು ಮಾತಿನ ಭಾರವು ತಿಳಿಯದೆ ಹೋಯಿತು. ಅಂದಿನಿಂದ ನಾವು ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಹೆಸರುಗಳನ್ನು ಮೊದಲೇ ಕೇಳಿ ಬರೆದುಕೊಂಡು, ಇರುವವರವನ್ನೂ ಅಗಲಿದವರವನ್ನೂ ಪ್ರಾರ್ಥನೆಯಲ್ಲಿ ಒಟ್ಟಿಗೆ ಓದುತ್ತೇವೆ.

ಅಗಲಿದವರ ಮನೆಗಳನ್ನು ನೆನೆಯುವುದಕ್ಕೆ ಇನ್ನೊಂದು ದಿನವೂ ಇದೆ. ೧೯೪೯ರಿಂದ ಡಿಸೆಂಬರ್ ೭ನೆಯ ತಾರೀಖು ಧ್ವಜ ದಿನವೆಂದು ನಡೆಯುತ್ತಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳು ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೂಚಿಸುವುವು. ಅಂದು ಕೂಡಿದ ಹಣವು ಮಡಿದ ಸೈನಿಕರ ಪತ್ನಿಯರಿಗೂ ಮಕ್ಕಳಿಗೂ, ಅಂಗವಿಕಲರಾದವರಿಗೂ, ಮಾಜಿ ಸೈನಿಕರಿಗೂ ವಿನಿಯೋಗವಾಗುವುದು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ಮಾನ್ಯ ಪೋಷಕರೇ, ಪುಟ್ಟ ಧ್ವಜವನ್ನು ಹಿಡಿದು ಬಂದ ಬಾಲಿಕೆಯನ್ನು ಬಾಗಿಲಿನಿಂದಲೇ ಹಿಂದಿರುಗಿಸಬೇಡಿರಿ. ನಿಮ್ಮ ಬೀದಿಯಲ್ಲಿ ಸೈನಿಕನ ವಿಧವೆಯಿದ್ದರೆ, ಜನವರಿ ೧೫ರಂದು ಮಾತ್ರವಲ್ಲದೆ ಇತರ ದಿನಗಳಲ್ಲಿಯೂ ಅವಳ ಮನೆಗೆ ಹೋಗಿ ಬನ್ನಿರಿ. ಅವಳ ಕಾಗದಪತ್ರಗಳನ್ನು ಓದಿ ಹೇಳುವಷ್ಟು, ಒಂದು ಅರ್ಜಿಯನ್ನು ಬರೆದುಕೊಡುವಷ್ಟು ವಿದ್ಯೆಯನ್ನು ದೇವರ ಕೃಪೆಯಿಂದ ಈ ಶಾಲೆಯು ನಿಮಗೆ ಕೊಟ್ಟಿದೆ. ಅದನ್ನು ಅಲ್ಲಿ ಉಪಯೋಗಿಸಿದರೆ ನಮ್ಮ ಪಾಠವು ಸಾರ್ಥಕವಾಯಿತೆಂದು ನಾವು ಸಂತೋಷಿಸುವೆವು.